ಕರಿ ಟೇಪಿನ ಹಿಂದೆ

ಚಾವಿ ತಿರುವಿದರೆ ಸಾಕು, ಡೆಲಿಕಾ ವ್ಯಾನಿನೊಳಗಿಂದ
ಒಬ್ಬಳು ಜಪಾನಿ ಹೆಂಗಸು ಮಾತಾಡುತ್ತಾಳೆ,
ದಿನವೂ ಒಂದೇ ವಾಕ್ಯ, ಒಂದೇ ನಯ.
ಅಪ್ಪ ಟೊಪ್ಪಿ ತೆಗೆದು
'ಆಗಲಿ ತಾಯಿ, ನಿಧಾನವಾಗಿಯೇ ಹೋಗುತ್ತೇವೆ' ಅನ್ನುತ್ತಾನೆ.
ಅವನ ಲೆಕ್ಕದಲ್ಲಿ ಅದು ಹರಕೆಯ ಮಾತು.

ಅವನ ಹೆಸರು ಎನೆಬಿಶ್.
ನಮ್ಮ ನುಡಿಯಲ್ಲಿ 'ಇವನಲ್ಲ' ಎಂದರ್ಥ.
ಮುಂಚೆ ಹುಟ್ಟಿದ ಇಬ್ಬರು ಉಳಿಯಲಿಲ್ಲವೆಂದು
ಸಾವಿನ ದಾರಿ ತಪ್ಪಿಸಲು ಅಜ್ಜಿ ಇಟ್ಟ ಹೆಸರು.
ಅರವತ್ತೆಂಟು ವರ್ಷ ಕೆಲಸ ಮಾಡಿದೆ ಆ ಸುಳ್ಳು.
ಮರೆಮಾಡಿದರೆ ಕೇಡು ಹಾದುಹೋಗುತ್ತದೆಂದು
ಅವನು ನಂಬಿದರೆ, ಯಾವ ಬಾಯಲ್ಲಿ ತಪ್ಪೆನ್ನಲಿ?

ಹೋದ ಚಳಿಗಾಲ ಹಳದಿ ಎಂಜಿನ್ನಿನ ಚಿತ್ರ ಹೊತ್ತಿಕೊಂಡಾಗ
ಉಗುರಿನಷ್ಟು ಕರಿ ಟೇಪು ಹರಿದು ಅದರ ಮೇಲೆ ಅಂಟಿಸಿದ.
ಆಮೇಲೆ ಟೈರಿನ ದೀಪಕ್ಕೊಂದು ತುಂಡು.
ಇದೇ ಮನುಷ್ಯ
ಕುದುರೆಯ ಕಿವಿಯ ಹಿಂದೆ ಬೆರಳಾಡಿಸಿ,
ಆ ಬೆವರನ್ನು ನಾಲಿಗೆಗೆ ಮುಟ್ಟಿಸಿ,
ನಾಳೆ ಓಡೀತೋ ಇಲ್ಲವೋ ಹೇಳಬಲ್ಲವನು.

ನನಗೆ ಗಾಡಿ ಕಲಿಸಿದ ಬಾಲ್ಜಿದ್ ಮೇಡಂ
ಚೂಯಿಂಗ್ ಗಮ್ ಜಗಿಯುತ್ತ ಹೇಳಿದ್ದಳು:
ಹಸಿರು, ನೀಲಿ ಬರೀ ಸುದ್ದಿ.
ಹಳದಿ ಬಂದರೆ ಈ ವಾರದೊಳಗೆ ತೋರಿಸು.
ಕೆಂಪಿನ ಹತ್ತಿರ ವಾದ ಮಾಡಬೇಡ.

ಮಂದಲ್‌ಗೋವಿ ದಾಟಿ ನಲವತ್ತು ಕಿಲೋಮೀಟರು.
ತಮ್ಮನ ಮಗುವಿನ ಮೊದಲ ಕೂದಲು ಕತ್ತರಿಸುವ ದಿನಕ್ಕೆ
ಹೊರಟಿದ್ದೆವು, ಹಿಂದೆ ಒಣಗಿಸಿದ ಮೊಸರುಗಡ್ಡೆಯ ಚೀಲ.
ಆಗ ಕೆಂಪು ಹೊತ್ತಿತು:
ಒಂದು ಪುಟ್ಟ ಗಿಂಡಿ, ಮೂತಿಯ ಕೆಳಗೆ ಒಂದೇ ಹನಿ.
ಮಾತುಗಾತಿ ಆ ಜಪಾನಿ ಹೆಂಗಸು
ಈಗ ತುಟಿ ಬಿಚ್ಚಲಿಲ್ಲ.
ಅಪ್ಪನ ಕೈ ಮಾತ್ರ ಟೇಪಿರುವ ಜೇಬಿಗೆ ಇಳಿಯಿತು.

ಬದಿಗೆಳೆದೆ. ಚಾವಿ ತಿರುವಿದೆ.
ಗಾಳಿ ಬಂದು ವ್ಯಾನಿಗೆ ಒರಗಿತು.
'ಅರ್ಧ ತಾಸು ಓಡಿಸು, ಮುಂದೆ ಚಹಾದಂಗಡಿ ಇದೆ.'
'ಅರ್ಧ ತಾಸಿನಲ್ಲಿ ಎಂಜಿನ್ ಕಚ್ಚಿಕೊಳ್ಳುತ್ತದಪ್ಪ.'
'ಸಣ್ಣ ದೀಪ, ಅದಕ್ಕೇನು ಗೊತ್ತು?'
ಉತ್ತರಿಸದೆ ಬಾನೆಟ್ ಎತ್ತಿದೆ.
ಬಿಸಿ ಆರಲೆಂದು ಕಾದು, ಎಣ್ಣೆ ಅಳೆಯುವ ಕಡ್ಡಿ ಎಳೆದು,
ಒರೆಸಿ, ಇಳಿಸಿ, ಮತ್ತೆ ಎಳೆದೆ.
ತುದಿಯಲ್ಲಿ ಕೂಡ ಪಸೆಯಿಲ್ಲ.

ಕಡ್ಡಿ ಅವನ ಕೈಗಿಟ್ಟೆ.
ಅವನು ಅದನ್ನು ಮೂಸಿದ, ಬೆರಳಲ್ಲಿ ಉಜ್ಜಿದ.
ನಿಲುವಂಗಿ ಸಮೇತ ಮಣ್ಣಿನಲ್ಲಿ ಅಂಗಾತ ಮಲಗಿ
ವ್ಯಾನಿನ ಹೊಟ್ಟೆಯಡಿ ಬಹಳ ಹೊತ್ತು ನೋಡಿದ.
'ಒದ್ದೆಯಾಗಿದೆ' ಅಂದ. 'ಬಹಳ ದಿನದಿಂದ.'
ಹೊರಗೆ ಬಂದಾಗ ನನ್ನ ಮುಖ ನೋಡಲಿಲ್ಲ.

ಒಂದೂವರೆ ತಾಸಿಗೆ ಕಲ್ಲಿದ್ದಲ ಲಾರಿಯ ದಂಬಾ ಸಿಕ್ಕ.
ನಾಲ್ಕು ಲೀಟರಿನ ಡಬ್ಬಿ ಕೊಟ್ಟ, ಹಣ ಒಲ್ಲೆನೆಂದ,
ಒಂದು ಹಿಡಿ ಮೊಸರುಗಡ್ಡೆ ಬಾಯಿಗೆ ಹಾಕಿಕೊಂಡ.
'ಸೋರಿಕೆ ನಿಂತಿಲ್ಲ ನೆನಪಿರಲಿ,
ಐವತ್ತು ಕಿಲೋಮೀಟರಿಗೊಮ್ಮೆ ಇಳಿದು ನೋಡಿ' ಎಂದು
ಧೂಳೆಬ್ಬಿಸಿ ಹೋದ.

ಗಿಂಡಿ ಆರಿತು.
ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ.
ಕತ್ತಲಾಗುವಾಗ ಉಗುರಿನಿಂದ ಕೆರೆದು
ಒಂದು ಟೇಪು ಕಿತ್ತ, ಆಮೇಲೆ ಇನ್ನೊಂದು.
ಅಂಟು ಉಳಿದಿತ್ತು. ಅದರಡಿ ಹಳದಿ ಎಂಜಿನ್ನು
ಮಂಜು ಕವಿದ ಕಿಟಕಿಯಂತೆ ಉರಿಯುತ್ತಲೇ ಇತ್ತು.
'ಅಯ್ಯೋ, ಇನ್ನೂ ಕೂಗುತ್ತಿದ್ದೀಯಾ' ಅಂದ ಅದಕ್ಕೆ.

ಗ್ಯಾರೇಜಿನಲ್ಲಿ ಎರಡು ದಿನ, ಹಬ್ಬ ಮುಗಿದು ಹೊರಟಾಗ
ಒಸಾಕಾದಲ್ಲಿ ಓದಿದ ಉಂದ್ರಲ್ ನಮ್ಮ ಜೊತೆ ಹತ್ತಿದಳು.
ಚಾವಿ ತಿರುವಿದೆ. ಜಪಾನಿ ಹೆಂಗಸು ಎಂದಿನಂತೆ.
ಅಪ್ಪ ಎಂದಿನಂತೆ, ಟೊಪ್ಪಿ ಎದೆಗೆ.
ಉಂದ್ರಲ್ ನಗು ತಡೆಯುತ್ತ ನನ್ನ ಕಿವಿಯಲ್ಲಿ:
'ಟೋಲಿನ ಕಾರ್ಡು ಹಾಕಿಲ್ಲ ಅನ್ನುತ್ತಿದ್ದಾಳೆ ಅಷ್ಟೆ.'

'ಏನಂತೆ?' ಅಂದ ಅಪ್ಪ.

ಉಂದ್ರಲ್ ನನ್ನನ್ನು ನೋಡಿದಳು.
'ಎಣ್ಣೆ ನೋಡಿಕೊಂಡು ಹೊರಡಿ ಅಂತೆ' ಅಂದೆ ನಾನು.

ಅಪ್ಪ ಬಾಗಿಲು ತೆರೆದು ಕೆಳಗಿಳಿದ.
ಒರೆಸುವ ಬಟ್ಟೆ ಆಗಲೇ ಅವನ ಕೈಯಲ್ಲಿತ್ತು.