ಬಾಚಿದ ಕೂದಲು

ಕಂದು ಲಕೋಟೆ ಬಂದದ್ದು ಮಂಗಳವಾರ.
ಗೇನರ್ ಅದನ್ನು ಬ್ರೆಡ್ಡಿನ ಡಬ್ಬಕ್ಕೆ ಒರಗಿಸಿಟ್ಟಳು.
ಶುಕ್ರವಾರದವರೆಗೂ ಅದು ಅಲ್ಲೇ ಕೂತು
ನಮ್ಮ ಮಾತು ಕೇಳಿಸಿಕೊಂಡಿತು.
ನಲವತ್ತು ಪುಟ. ಕಪ್ಪು ಶಾಯಿಯಲ್ಲೇ ಬರೆಯತಕ್ಕದ್ದು.

ಬರೆಯುವವನು ನಾನು. ಪೆನ್ನು ಅವಳ ಕೈಲಿ ನಿಲ್ಲುವುದಿಲ್ಲ.
ಮೂವತ್ತೊಂದು ವರ್ಷ ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಶೆಡ್ಡಿನಲ್ಲಿ
ಐಸುನೀರಿಗೆ ಅದ್ದಿ ಅದ್ದಿ
ಹ್ಯಾಡಕ್ ಮೀನಿನ ಮುಳ್ಳು ಬಿಡಿಸಿದ ಕೈ,
ಪಕ್ಕದವಳ ಜತೆ ಹರಟುತ್ತಲೇ ಚಾಕು ತಪ್ಪದ ಕೈ.
ಈಗ ಹೆಬ್ಬೆರಳು ಒಂದು ದಿಕ್ಕು, ಉಳಿದವು ಇನ್ನೊಂದು ದಿಕ್ಕು,
ಗಾಳಿಗೆ ವಾಲಿದ ಬೇಲಿಗೂಟ.

ಒಬ್ಬರಿಗಾಗುವಷ್ಟು ಸರಳ ಊಟ
ತಾವೇ ತಯಾರಿಸಬಲ್ಲಿರಾ?
‘ಹೂಂ ಅಂತ ಬರಿ’ ಅಂದಳು.
ಮೊನ್ನೆ ಆಲೂಗಡ್ಡೆ ಸುಲಿಯೋಕೆ ಹೋಗಿ ಏನಾಯ್ತು?
‘ಅದು ಮೊನ್ನೆ.’
ಎಷ್ಟು ಹೊತ್ತು ಹಿಡೀತು?
‘ರೇಡಿಯೋದಲ್ಲಿ ಎರಡು ಸಲ ವಾರ್ತೆ ಬಂತು.’
ಅದನ್ನೇ ಬರೆದೆ. ಜಾಗ ಸಾಲದೆ ಅಂಚಿಗೆ ಹತ್ತಿಸಿದೆ.

ಯಾರು ಹೇಗಿದ್ದೀ ಅಂದರೂ ಪರವಾಗಿಲ್ಲ ಅನ್ನುವವಳು ಇವಳು.
ಇವಳಮ್ಮ, ಸಾಯುವ ಹಿಂದಿನ ಸಂಜೆ,
ನರ್ಸಿಗೆ ಅದನ್ನೇ ಅಂದಿದ್ದಳು.
ಆ ಮಾತಿಗೆ ಈ ಫಾರಮ್ಮಿನಲ್ಲಿ ಸೊನ್ನೆ ಅಂಕ.

ಶೌಚದ ಪುಟ ಬಂದಾಗ ಎದ್ದು ಕಿಟಕಿಗೆ ಮುಖ ಮಾಡಿ ನಿಂತಳು.
‘ನೀನೇ ಬರಿ. ಓದಿ ಹೇಳಬೇಡ.’
ಬರೆದೆ.
ಜತೆಗಿದ್ದು ಇಷ್ಟು ವರ್ಷ
ನೋಡಿಯೂ ನೋಡದ ಹಾಗಿದ್ದದ್ದನ್ನೆಲ್ಲ
ಒಂದೊಂದಾಗಿ ಬರೆದೆ,
ಮನೆಯ ಗುಟ್ಟು ಮಾರುವವನ ಹಾಗೆ.

ತಪಾಸಣೆಯ ಬೆಳಿಗ್ಗೆ ಕನ್ನಡಿಯ ಮುಂದೆ ಕೂತಳು.
ತೋಳು ಹೆಗಲು ದಾಟಿ ಏರುವುದಿಲ್ಲ, ಬಾಚಣಿಗೆ ನನ್ನ ಕೈಲಿ.
ಬಸ್ಸು ಓಡಿಸಿದವನು ನಾನು, ಮೊದಮೊದಲು ಎಳೆದುಬಿಡುತ್ತಿದ್ದೆ.
ಈಗ ಗೊತ್ತು: ತುದಿಯಿಂದ ಶುರು,
ಸಿಕ್ಕು ಬಿಡಿಸುತ್ತ ಬಿಡಿಸುತ್ತ ಮೇಲಕ್ಕೆ,
ನೆತ್ತಿಯ ಬಳಿ ಎಡಗೈ ಒತ್ತಿ ಹಿಡಿದರೆ ನೋಯುವುದಿಲ್ಲ.
ಮಗಳ ಮದುವೆಗೆ ಕೊಂಡ ನೀಲಿ ಕ್ಲಿಪ್ಪು ಸಿಕ್ಕಿಸಿದೆ.
ಚೆಂದ ಕಂಡಳು. ಹೇಳಿದೆ ಕೂಡ.

ಅಧಿಕಾರಿ ಹುಡುಗ, ಮೊಡವೆ ಇನ್ನೂ ಆರಿಲ್ಲ,
ಪರದೆಯಿಂದ ಕಣ್ಣು ಕೀಳದೆ ಕೇಳಿದ: ಹೇಗಿದ್ದೀರಿ?
ನನ್ನ ಎದೆ ಧಸಕ್ಕೆಂದಿತು.
‘ಪರವಾಗಿಲ್ಲ’ ಅಂದಳು ಗೇನರ್,
ನಕ್ಕು.

ಎಂಟು ವಾರಕ್ಕೆ ಎರಡನೆಯ ಲಕೋಟೆ.
ಅರ್ಜಿದಾರರ ಕೂದಲು ಓರಣವಾಗಿ ಬಾಚಲ್ಪಟ್ಟಿತ್ತು.
ಆದಕಾರಣ ತೋಳುಗಳನ್ನು ಹೆಗಲಿಗಿಂತ ಮೇಲೆ ಎತ್ತಬಲ್ಲರು.
ನಗುಮುಖದಿಂದ ಮಾತನಾಡಿದರು.

ಹೀಗೆ ನನ್ನ ಎರಡು ಕೈ ಕಿತ್ತು
ಅವಳ ಹೆಗಲಿಗೆ ಅಂಟಿಸಿತು ಸರ್ಕಾರ.
ಕೈ ಹಿಡಿದವನೇ
ಕೈ ಕೊಟ್ಟೆ.

ಮೇಲ್ಮನವಿಗೆ ಹನ್ನೊಂದು ತಿಂಗಳು.
ಅಷ್ಟರಲ್ಲಿ ಬಲಗೈ ಕಿರುಬೆರಳೂ ಉಳಿದವುಗಳ ದಾರಿ ಹಿಡಿಯಿತು.
ಸಲಹಾ ಕೇಂದ್ರದ ಹೆಂಗಸು, ಒಳ್ಳೆಯವಳೇ, ಬಾಗಿಲವರೆಗೆ ಬಂದು
ಪಿಸುಗುಟ್ಟಿದಳು: ‘ಈ ಸಲ ಬಾಚಬೇಡಿ.’

ಇವತ್ತು ವಿಚಾರಣೆ.
ಮೇಜಿನ ಮೇಲೆ ಎರಡು ಕಪ್ಪು ಟೀ, ನಡುವೆ ಬಾಚಣಿಗೆ.
ನಾನು ಮುಟ್ಟಲಿಲ್ಲ.
ನಿದ್ದೆಯಲ್ಲಿ ಹೊರಳಿ ಹೊರಳಿ ಗಂಟಾದ ಕೂದಲು
ಒಂದು ಕಿವಿ ಮುಚ್ಚಿತ್ತು.
ಹಾಗೇ ಹೋದರೆ ನಾಲ್ಕು ಅಂಕ ಜಾಸ್ತಿ ಸಿಕ್ಕೀತೇನೋ.

‘ಬಾಚು’ ಅಂದಳು.
ಅವರು ಬರಕೊಳ್ತಾರಲ್ಲೇ.
‘ಬರಕೊಳ್ಳಲಿ. ಯಾರು ಬಾಚಿದ್ದು ಅಂತ
ಈ ಸಲ ನಾನೇ ಹೇಳ್ತೀನಿ.
ಮಿಕ್ಕದ್ದೂ ಹೇಳ್ತೀನಿ.’
ಆಮೇಲೆ, ಟೀ ಕಡೆ ನೋಡುತ್ತ,
‘ಕಿಟಕಿ ಹತ್ರ ನಿಂತಿದ್ದನ್ನೂ.’

ತುದಿಯಿಂದ ಶುರು ಮಾಡಿದೆ.
ಹೊರಗೆ ಟ್ಯಾಕ್ಸಿ ಎರಡು ಸಲ ಹಾರ್ನ್ ಹೊಡೆಯಿತು.
ಕಾಯಲಿ.