ಬಂಗಡೆ ನೀರು

ಟೆಂಪರೇಚರ್ ಮುಳ್ಳು ಸತ್ತು ಮೂರು ವರ್ಷ.
ಈಗ ಮೂಗೇ ನನ್ನ ಮೀಟರು.
ಮೊದಲು ಬೆಲ್ಲ ತಳ ಹಿಡಿದ ಹಾಗೆ ಒಂದು ಸಣ್ಣ ಸಿಹಿ,
ಆಮೇಲೆ ಸುಟ್ಟ ರಬ್ಬರು,
ಆಮೇಲೆ ಕಾಲಡಿಯ ತಗಡು ಚಪ್ಪಲಿ ದಾಟಿ
ಹಿಮ್ಮಡಿಗೆ ಹೇಳುತ್ತದೆ: ನಿಲ್ಲಿಸು.

ನಿಲ್ಲಿಸುವುದಿಲ್ಲ ನಾನು.
ದೇವಿಮನೆ ಘಾಟಿಯಲ್ಲಿ ಹಳೇ ಗಾಡಿಯವರೆಲ್ಲ ಹೀಗೇ,
ಇನ್ನೊಂದು ತಿರುವು ಸಾಲ ಕೇಳುತ್ತಾರೆ.

ಆವತ್ತು ಹಿಂದೆ ಹನ್ನೊಂದು ಪೆಟ್ಟಿಗೆ ಬಂಗಡೆ,
ತದಡಿಯಲ್ಲಿ ಮೂರೂವರೆಗೆ ತುಂಬಿದ್ದು.
ಪಕ್ಕದಲ್ಲಿ ಮಾಲಿನ ಒಡತಿ ಹೊನ್ನಕ್ಕ ಹರಿಕಂತ್ರ,
ಮಡಿಲಲ್ಲಿ ದುಡ್ಡಿನ ಚೀಲ, ದವಡೆಯಲ್ಲಿ ಕವಳ.
ಏಳರೊಳಗೆ ಸಿರ್ಸಿ ಮುಟ್ಟದಿದ್ದರೆ
ಕಾರವಾರದ ಲಾರಿ ಬಂದು ದರ ಮುರಿಯುತ್ತದೆ.
ಕತಗಾಲ ದಾಟಿ ಏರು ಹತ್ತಿದ್ದೇ
ಬೋನೆಟ್ಟಿನ ಸಂದಿಯಿಂದ ಹಬೆ.

"ಎಂತಾಯ್ತೋ ತಮಾ?"
"ಕುದೀತು."
"ಅನ್ನಕ್ಕೋ, ಸಾರಿಗೋ?"

ಮುಚ್ಚಳಕ್ಕೆ ಕೈ ಹಾಕಬಾರದು, ಗೊತ್ತು.
ಎಡ ಮಣಿಕಟ್ಟಿನಲ್ಲಿ ಆ ಪಾಠ ಇನ್ನೂ ಹೊಳೆಯುತ್ತದೆ,
ಕೂದಲು ಹುಟ್ಟದ ನಾಲ್ಕಾಣೆ ಅಗಲದ ಚರ್ಮ.
ಕ್ಯಾನು ಎತ್ತಿದರೆ ಗುಟುಕು ನೀರು.
ಹಿಂದಿನ ದಿನ ಅದರಲ್ಲೇ ಕೈ ತೊಳೆದವ ನಾನೇ.

ಟಾರ್ಚು ಹಿಡಿದೆ. ಫ್ಯಾನ್ ಬೆಲ್ಟು ಸಡಿಲ,
ಮುದುಕಿಯ ಕೈಯ ಬಳೆ.
ಕೆಳಗಿನ ಹೋಸು, ನಾನೇ ಸುತ್ತಿದ ಸೈಕಲ್ ಟ್ಯೂಬಿನ ಸಮೇತ
ಬಾಯಿ ಬಿಟ್ಟಿದೆ.
ರೇಡಿಯೇಟರಿನ ಜಾಲರಿಯಲ್ಲಿ ಕೆಂಧೂಳು, ಪತಂಗ,
ಯಾವುದೋ ಹಕ್ಕಿಯ ಒಂದು ಪುಕ್ಕ.
ಥರ್ಮೋಸ್ಟಾಟು ಇಲ್ಲವೇ ಇಲ್ಲ. ನನಗೆ ಮಾರಿದವ
"ಕಿತ್ತು ಬಿಸಾಕಿದ್ದೇನೆ" ಅಂತ
ಕೊಟ್ಟ ಬೆಲೆಗೆ ಸೇರಿಸಿ ಹೇಳಿದ್ದ.

ಹೊನ್ನಕ್ಕ ಇಳಿದು ಹಿಂದೆ ಹೋಗಿ
ತಾಡಪಾಲು ಸರಿಸಿ ಪೆಟ್ಟಿಗೆಗೆ ಕೈಯಿಟ್ಟಳು.
ಅಲ್ಲಿ ಐಸು ಟಪ್ ಟಪ್.
ಇಲ್ಲಿ ಕಾದ ಕಬ್ಬಿಣ ಟಿಕ್ ಟಿಕ್.
ಇದು ತಣಿಯಬೇಕು, ಅದು ಕರಗಬಾರದು,
ಇದ್ದದ್ದು ಒಂದೇ ಅರ್ಧ ಗಂಟೆ.

"ಐಸೇ ಹಾಕು."
"ಕಾದ ಹೆಡ್ಡು ಸೀಳ್ತದೆ ಅಕ್ಕಾ,
ಬಾಣಂತಿಗೆ ತಣ್ಣೀರು ಎರೆದ ಹಾಗೆ."
ಐದು ಹೆತ್ತವಳು, ಮತ್ತೆ ಮಾತಾಡಲಿಲ್ಲ.
ಪೆಟ್ಟಿಗೆಯ ತಳದ ತೂತಿಗೆ ಬಕೀಟು ಹಿಡಿದಳು,
ಹೇಗೂ ರಸ್ತೆ ಕುಡಿಯುವ ನೀರು,
ತುಸು ಕೆಂಪು, ತುಸು ಹೊಳಪು.
ಚೀಲದಿಂದ ಬಲೆಯ ದಾರ ತೆಗೆದು
ಹೋಸಿಗೆ ಹಾಕಿದ ಗಂಟು ಮಾತ್ರ
ಇವತ್ತಿಗೂ ನನಗೆ ಬಿಚ್ಚಲು ಬಂದಿಲ್ಲ.
ಬಕೀಟನ್ನು ಎಂಜಿನ್ನಿಗೆ ಒತ್ತಿ ಇಟ್ಟು ಕಾದಳು,
ಕೂಸಿನ ಮೀಯುವ ನೀರಿಗೆಂಬಂತೆ ಬೆರಳದ್ದಿ
"ಹ್ಞಾ, ಈಗ" ಎಂದಳು.

ಘಾಟಿ ಹತ್ತಿದೆವು. ಬಂಡಲದಲ್ಲಿ ಒಂದು ಸಲ,
ರಾಗಿಹೊಸಳ್ಳಿಯಲ್ಲಿ ಮತ್ತೊಂದು ಸಲ ಬಂಗಡೆ ನೀರು.
ದರ ಮುರಿದೇ ಇತ್ತು.
ಬಾಡಿಗೆಯಲ್ಲಿ ಇನ್ನೂರು ಹಿಡಿದು ಕೊಟ್ಟಳು,
"ನೀರಿನ ದುಡ್ಡು," ನಗದೆ.

ಕುಮಟೆಯ ಇನಾಸ ರೇಡಿಯೇಟರ್ ಬಿಚ್ಚಿದವ
ಮೂಗಿಗೆ ತೋಳು ಒತ್ತಿಕೊಂಡ.
"ಇದೆಂತ ಮಾರಾಯ, ಎಂಜಿನ್ನೋ ಮಣ್ಣಿನ ಗಡಿಗೆಯೋ?
ಉಪ್ಪು ಒಳಗಿಂದ ತಿಂದು ಹಾಕ್ತದೆ.
ವಾಟರ್ ಪಂಪು ಹೋಯ್ತು. ಗ್ಯಾಸ್ಕೆಟ್ಟು ಇವತ್ತೋ ನಾಳೆಯೋ."
ಡಿಪ್‌ಸ್ಟಿಕ್ ಎಳೆದು ಬೆರಳಿಗೆ ಒರೆಸಿದ. ಇನ್ನೂ ಕಪ್ಪು.
"ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದ ದಿನ
ನನ್ನ ಹತ್ತಿರ ತರಬೇಡ, ಸೀದಾ ಗುಜರಿಗೆ ಒಯ್ಯಿ."
ಕೊಳವೆಯೊಳಗಿಂದ ಉಗುರಲ್ಲಿ ಏನೋ ಕೆರೆದು
ಬಿಸಿಲಿಗೆ ಹಿಡಿದ:
ಸಾಸಿವೆಯಷ್ಟು ಹುರುಪೆ, ಬೆಂದು ಬೆಳ್ಳಗಾದದ್ದು.

ಸೋಡಾಪುಡಿ ಹಾಕಿ ಆರು ನೀರು ತೊಳೆದ.
ಪಂಪು ಹೊಸದು, ಬೆಲ್ಟು ಹೊಸದು, ಸಾಲವೂ ಹೊಸದು.
ಸೀಟಿನ ಹಿಂದೆ ಈಗ ಎರಡು ಕ್ಯಾನು,
ಬಿಳಿಯದಕ್ಕೆ ನಾನು ಬಾಯಿ ಹಚ್ಚುವುದಿಲ್ಲ, ಕೈಯನ್ನೂ.

ಆದರೂ ಸಿರ್ಸಿಯಲ್ಲಿ ಗಾಡಿ ನಿಲ್ಲಿಸಿದರೆ
ಮೀನುಪೇಟೆಯ ಬೆಕ್ಕುಗಳು ಹಿಂದಕ್ಕೆ ಹೋಗುವುದಿಲ್ಲ.
ಮುಂದೆ ಬಂದು, ಗ್ರಿಲ್ಲಿನ ಎದುರು
ಬಾಲ ಸುತ್ತಿಕೊಂಡು ಕೂರುತ್ತವೆ.
ಎಷ್ಟು ಹತ್ತಿರ ಕೂತಿವೆ ಅಂತ ನೋಡಿ
ಎಷ್ಟು ಕಾದಿದೆ ಅಂತ ಹೇಳಬಲ್ಲೆ.