ಕಬ್ಬಿಣದವರೆಗೆ

ಶಂಕರಘಟ್ಟದ ತರಗತಿಯಲ್ಲಿ ಫ್ಲೇವಿಯಾ ಮೇಡಂ
ಬೋರ್ಡಿನ ಮೇಲೊಂದು ನಕ್ಷತ್ರ ಹೆಚ್ಚಿ ತೋರಿಸಿದರು,
ಈರುಳ್ಳಿ ಹೆಚ್ಚಿದ ಹಾಗೆ, ಪದರ ಪದರ:
ಹೈಡ್ರೋಜನ್, ಹೀಲಿಯಂ, ಇಂಗಾಲ, ಸಿಲಿಕಾನ್,
ತಿರುಳಿಗೆ ಕಬ್ಬಿಣ.
"ಇಲ್ಲಿಗೆ ಬಂತೋ, ಒಲೆ ಆರಿತು ಅಂತಲೇ ಲೆಕ್ಕ.
ಕಬ್ಬಿಣ ಬೆಸೆದರೆ ಕೈಯಿಂದಲೇ ಖರ್ಚು."

ನಾನು ಭದ್ರಾವತಿಯವಳು.
ಇದನ್ನು ನೋಟ್ಸಿನಲ್ಲಿ ಬರೆದುಕೊಳ್ಳಲಿಲ್ಲ.

ಸಂಜೆ ಬಸ್ಸಿಳಿದು ಬಂದರೆ ಅಪ್ಪ
ಕ್ವಾರ್ಟರ್ಸಿನ ಮೆಟ್ಟಿಲಲ್ಲಿ
ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ.
ಇಪ್ಪತ್ತಾರು ವರ್ಷ ಕುಲುಮೆಯೆದುರು ನಿಂತವನು,
ನೀಲಿ ಗಾಜಿನೊಳಗಿಂದ ಬಣ್ಣ ನೋಡಿಯೇ
ಶಾಖ ಹೇಳುತ್ತಿದ್ದವನು.
ನೀರಿನ ಟ್ಯಾಂಕಿನ ಬಯಲಿಗೆ ಕರೆದೊಯ್ದೆ.
ಮೋಡ ಹರಿದ ಕಡೆ ಜ್ಯೇಷ್ಠಾ, ಒಂದೇ ಒಂದು, ಕೆಂಪಗೆ.

"ಅದೆಷ್ಟಿರಬಹುದು, ಹೇಳು."

ಕಣ್ಣು ಕಿರಿದಾಗಿಸಿದ.
ಇಲ್ಲದ ಗಾಜನ್ನು ಹಣೆಯಿಂದ ಕೆಳಗೆಳೆದುಕೊಂಡ.
"ಸಾವಿರ. ಹೆಚ್ಚೆಂದರೆ ಸಾವಿರದ ನೂರು.
ಇನ್ನೂ ಹದ ಬಂದಿಲ್ಲ, ಈಗಲೇ ಸುರಿಯಬಾರದು."

"ಮೂರು ಸಾವಿರದ ಮೇಲಪ್ಪ, ಪುಸ್ತಕದಲ್ಲಿದೆ."

ಒಂದು ಗಳಿಗೆ ಸುಮ್ಮನಿದ್ದ.
"ಅಷ್ಟು ದೂರದಿಂದ ಬರಬೇಕಲ್ಲೇ,
ಬರೋಷ್ಟರಲ್ಲಿ ಆರಿರುತ್ತೆ"
ಅಂದು, ಕೈಯ ಎಣ್ಣೆ
ಲುಂಗಿಗೆ ಒರೆಸಿಕೊಂಡ.